ವಿದ್ಯುತ್ ಪಂಡಿತ ಸ್ಟೈನ್‌ಮೆಟ್ಸ್

ಕೀರ್ತಿವಂತರ ಮಾತಿಗೆ ಜನ ಕಿವಿಗೊಡುವುದು ಲೋಕರೂಢಿ. ನಟನೆಯಲ್ಲಿ ಹೆಸರಾದವರು ಚುನಾವಣೆಯ ವಿಷಯ ಮಾತನಾಡಿದರೂ, ಆಟದಲ್ಲಿ ಹೆಸರಾದವರು ಕಲ್ಲಿದ್ದಲು, ಬಿಸಿಲು, ಗಾಳಿಗಳ ವಿಷಯ ಮಾತನಾಡಿದರೂ ಅದು ಪತ್ರಿಕೆಗಳಲ್ಲಿ ಎದ್ದು ಕಾಣುವಂತೆ ಅಚ್ಚಾಗುತ್ತದೆ. ಇದನ್ನು ಮೆಚ್ಚುವವರುಂಟು. ತಮ್ಮ ಕಸಬನ್ನು ಬಿಟ್ಟು ಊರ ಉಸಾಬರಿ ಇವರಿಗೇಕೆಂದು ಮೂಗು ಮುರಿಯುವವರೂ ಉಂಟು. ಈ ಎರಡು ಪಕ್ಷಗಳ ನಡುವೆ ತೀರ್ಪು ಹೇಳಬೇಕಾದರೆ ಬರಿಯ ತರ್ಕ ಸಾಲದು. ಹಾಗೆ ಮಾತನಾಡಿದ ಒಬ್ಬನ ಬಾಳನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದು ಮೇಲು. ಅಂಥ ಒಬ್ಬನು ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್. ಆತನು ತೀರಿಕೊಂಡು ನೂರು ವರ್ಷಗಳ ಮೇಲಾಯಿತು. ತನ್ನ ಕಾಲದ ಅಮೆರಿಕದಲ್ಲಿ ಎಡಿಸನ್ನನ ಹೆಸರಿನೊಡನೆ ಕೇಳಿಬರುತ್ತಿದ್ದ ಹೆಸರು ಆತನದು. ಇಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಬಿಟ್ಟರೆ ನಮ್ಮಲ್ಲಿ ಆತನನ್ನು ಬಲ್ಲವರು ವಿರಳ.

ಸ್ಟೈನ್‌ಮೆಟ್ಸ್ ಹುಟ್ಟಿದ್ದು 1865ನೆಯ ಇಸವಿ ಏಪ್ರಿಲ್ 9ರಂದು, ಆಗಿನ ಪ್ರಷ್ಯ ರಾಜ್ಯಕ್ಕೆ ಸೇರಿದ್ದ ಬ್ರೆಸ್ಲಾವ್ ಪಟ್ಟಣದಲ್ಲಿ. ಈಗ ಆ ಊರು ಪೋಲೆಂಡಿನಲ್ಲಿದೆ. ಹೆಸರೂ ವ್ರೊಟ್ಸ್‌ವಾಫ್ ಎಂದಾಗಿದೆ. ತಂದೆ ರೈಲ್ವೆ ಕಚೇರಿಯಲ್ಲಿ ಕಲ್ಲಚ್ಚಿನ ಕೆಲಸ ಮಾಡುತ್ತಿದ್ದ ಸಾಧಾರಣ ಮನುಷ್ಯ. ಕೂಸಿಗೆ ಒಂದು ವರ್ಷ ತುಂಬುವಷ್ಟರಲ್ಲಿ ತಾಯಿ ಕಾಲರಾ ಬೇನೆಗೆ ತುತ್ತಾದಳು. ಬೆನ್ನಿನ ಗೂನು ಆ ವಂಶದಲ್ಲಿ ಬಳುವಳಿಯಾಗಿ ಬಂದಿತ್ತು. ಅಜ್ಜನಿಗಿತ್ತು, ತಂದೆಗಿತ್ತು, ಮಗನಿಗೂ ಬಂತು. ಸೊಂಟದ ಕೀಲಿನಲ್ಲಿ ಊನವಿದ್ದುದರಿಂದ ನಡಿಗೆಯೂ ಸಲೀಸಾಗಿರಲಿಲ್ಲ. ಪೂರ್ಣ ಬೆಳೆದ ಮೇಲೂ ಆತನ ಎತ್ತರ ಸುಮಾರು ನಾಲ್ಕು ಅಡಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ನಮ್ಮ ಗಾದೆ ಈತನಿಗೆಂದೇ ಹುಟ್ಟಿದಂತಿದೆ. ಆದರೆ ಆ ಕೀರ್ತಿ ಸುಲಭವಾಗಿ ಬರಲಿಲ್ಲ.

1883ರಲ್ಲಿ ಆತನು ಬ್ರೆಸ್ಲಾವ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಗಣಿತದಲ್ಲಿ ಆತನ ಬುದ್ಧಿ ಕತ್ತಿಯ ಅಲಗಿನಂತಿತ್ತು. ಸಹಪಾಠಿಗಳು ಆತನಿಗೆ ಪ್ರೋಟಿಯಸ್ ಎಂದು ಅಡ್ಡಹೆಸರಿಟ್ಟರು. ಪ್ರೋಟಿಯಸ್ ಗ್ರೀಕ್ ಪುರಾಣದ ಕಡಲ ಮುದುಕ. ಬಯಸಿದ ರೂಪ ತಾಳಬಲ್ಲವನು, ಬಹಳ ಗುಟ್ಟುಗಳನ್ನು ಬಲ್ಲವನು. ಅದೇ ವಿದ್ಯಾರ್ಥಿ ದೆಸೆಯಲ್ಲಿ ಆತನಿಗೆ ಸಮಾಜವಾದಿ ಗೆಳೆಯರ ಕೂಟದ ಸಹವಾಸವಾಯಿತು. ಆ ಕಾಲದಲ್ಲಿ ಜರ್ಮನಿಯ ಆಡಳಿತದ ಸೂತ್ರ ಬಿಸ್ಮಾರ್ಕನ ಕೈಯಲ್ಲಿತ್ತು. 1878ರಲ್ಲಿ ಆತನು ತಂದ ಕಾನೂನಿನ ಪ್ರಕಾರ ಸಮಾಜವಾದಿಗಳ ಸಭೆಗಳೂ ಪತ್ರಿಕೆಗಳೂ ನಿಷಿದ್ಧವಾಗಿದ್ದುವು. ಗೆಳೆಯರು ಸೆರೆಮನೆ ಸೇರಿದರು. ಸಂಪಾದಕನಿಲ್ಲದ ಪತ್ರಿಕೆಯನ್ನು ನಡೆಸುವ ಭಾರ ಸ್ಟೈನ್‌ಮೆಟ್ಸನ ಮೇಲೆ ಬಿತ್ತು. ಪೊಲೀಸರ ಕಣ್ಣು ಆತನ ಮೇಲೂ ಬಿದ್ದಾಗ, 1888ರಲ್ಲಿ, ಡಾಕ್ಟರ್ ಪದವಿ ಕೈಗೆ ಬರುವ ಹೊತ್ತಿನಲ್ಲಿ, ಅದನ್ನೂ ತಂದೆಯ ಮನೆಯನ್ನೂ ಬಿಟ್ಟು ಆತನು ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದನು. ಅಲ್ಲಿ ಜ್ಯೂರಿಕ್ ನಗರದಲ್ಲಿ ಯಂತ್ರಶಾಸ್ತ್ರವನ್ನು ಓದತೊಡಗಿದನು. ಇಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು. ಕೀರ್ತಿ ಬಂದ ಮೇಲೆ ರಾಜಕೀಯದ ಮಾತಿಗೆ ತೊಡಗಿದವರು ಹಲವರು. ಸ್ಟೈನ್‌ಮೆಟ್ಸನ ಸಂಗತಿ ತಿರುಗುಮುರುಗು. ರಾಜಕೀಯದ ಮಾತು ಮೊದಲು ಬಂತು. ಅದರ ಬೆಲೆಯನ್ನು ಆತನು ತೆತ್ತನು. ಕೀರ್ತಿ ಬಹಳ ತಡವಾಗಿ ಬಂತು.

1889ರ ಬೇಸಿಗೆಯ ಮೊದಲಲ್ಲಿ ಅಸ್ಮುಸ್ಸೆನ್ ಎಂಬ ಡೆನ್ಮಾರ್ಕಿನ ಗೆಳೆಯನೊಡನೆ ಆತನು ಹಡಗು ಹತ್ತಿ ನ್ಯೂಯಾರ್ಕ್ ಬಂದರಿಗೆ ಬಂದಿಳಿದನು. ಪ್ರಯಾಣ ಅತ್ಯಂತ ಅಗ್ಗದ ದರ್ಜೆಯದು. ಕೈಯಲ್ಲಿ ಕಾಸಿಲ್ಲ, ಬಾಯಲ್ಲಿ ಇಂಗ್ಲಿಷಿಲ್ಲ, ಬೆನ್ನ ಮೇಲೆ ಗೂನು. ಇಂಥವನು ದೇಶಕ್ಕೆ ಹೊರೆಯಾದಾನೆಂದು ಬಂದರಿನ ಅಧಿಕಾರಿಗಳು ಆತನನ್ನು ಹಿಂದಕ್ಕೆ ಕಳುಹಿಸಲು ಯೋಚಿಸಿದರು. ಅಸ್ಮುಸ್ಸೆನ್ ಮುಂದೆ ಬಂದು ಗೆಳೆಯನ ಹೊಣೆಯನ್ನು ತಾನು ಹೊತ್ತುಕೊಂಡನು. ಆ ಹೊತ್ತಿನಲ್ಲಿ ಆ ಗೆಳೆಯ ಮಾತನಾಡದೆ ಇದ್ದಿದ್ದರೆ ಅಮೆರಿಕ ಒಬ್ಬ ಮಹಾ ಪಂಡಿತನನ್ನು ಬಾಗಿಲಿನಿಂದಲೇ ಅಟ್ಟಿಬಿಡುತ್ತಿತ್ತು.

ನ್ಯೂಯಾರ್ಕಿನ ಬಳಿಯ ಯಾಂಕರ್ಸ್ ಊರಿನಲ್ಲಿ ಐಕೆಮೆಯರ್ ಎಂಬವನ ಕಾರ್ಖಾನೆಯಿತ್ತು. ಟೋಪಿ ಮಾಡುವ ಯಂತ್ರಗಳಿಂದ ಮೊದಲಾಗಿ ವಿದ್ಯುತ್ ಮೋಟಾರುಗಳವರೆಗೆ ಅಲ್ಲಿ ತಯಾರಾಗುತ್ತಿದ್ದುವು. ಐಕೆಮೆಯರ್ ಕೂಡ 1848ರ ಜರ್ಮನ್ ಕ್ರಾಂತಿಯ ಕಾಲದಲ್ಲಿ ನಾಡು ಬಿಟ್ಟು ಬಂದವನು. ತನ್ನಂತೆಯೇ ನೆಲೆ ತಪ್ಪಿ ಬಂದ ಹುಡುಗನಿಗೆ ಆತನು ನಕಾಸೆ ಬಿಡಿಸುವ ಕೆಲಸ ಕೊಟ್ಟನು. ಬುದ್ಧಿಯನ್ನು ಕಂಡ ಮೇಲೆ ಪ್ರಯೋಗಶಾಲೆಯನ್ನೇ ಕೊಟ್ಟನು. ಅಮೆರಿಕದ ಪ್ರಜೆಯಾಗುವಾಗ ಸ್ಟೈನ್‌ಮೆಟ್ಸ್ ಕಾರ್ಲ್ ಎಂಬ ಹೆಸರನ್ನು ಚಾರ್ಲ್ಸ್ ಎಂದು ಮಾಡಿಕೊಂಡು, ನಡುವೆ ಪ್ರೋಟಿಯಸ್ ಎಂಬ ಕಾಲೇಜಿನ ಅಡ್ಡಹೆಸರನ್ನು ಸೇರಿಸಿಕೊಂಡನು.

ಆತನ ವಿದ್ಯೆ ಎಂಥದೆಂಬುದನ್ನು ಕಲಾ ವಿಭಾಗದ ನಮಗೆ ತಿಳಿಯುವಷ್ಟು ಹೇಳಬಹುದು. ವಿದ್ಯುತ್ ಯಂತ್ರಗಳ ಹೊಟ್ಟೆಯಲ್ಲಿ ಕಬ್ಬಿಣವಿರುತ್ತದೆ. ಅದು ಕ್ಷಣಕ್ಷಣಕ್ಕೂ ಅಯಸ್ಕಾಂತವಾಗಿ, ದಿಕ್ಕು ಬದಲಿಸಿ, ಮತ್ತೆ ಅಯಸ್ಕಾಂತವಾಗುತ್ತದೆ. ಪ್ರತಿ ಸಲವೂ ಒಂದಷ್ಟು ಶಕ್ತಿ ಶಾಖವಾಗಿ ಪೋಲಾಗುತ್ತದೆ. ಎಷ್ಟು ಪೋಲಾಗುವುದೆಂಬುದು ಯಂತ್ರ ಕಟ್ಟಿ ಓಡಿಸಿ ನೋಡುವತನಕ ಯಾರಿಗೂ ತಿಳಿಯುತ್ತಿರಲಿಲ್ಲ. ನೂರಾರು ಅಳತೆಗಳನ್ನು ಕಲೆಹಾಕಿ, ಆ ನಷ್ಟವು ಕಾಂತತ್ವದ ಸಾಂದ್ರತೆಯ ಸುಮಾರು 1.6ನೆಯ ಘಾತಕ್ಕೆ ತಕ್ಕಂತೆ ಏರುವುದೆಂದು ಸ್ಟೈನ್‌ಮೆಟ್ಸ್ 1892ರಲ್ಲಿ ತೋರಿಸಿಕೊಟ್ಟನು. ಇಂಜಿನಿಯರಿಗೆ ಇದರಿಂದ ಯಂತ್ರ ಹುಟ್ಟುವ ಮೊದಲೇ ಅದರ ಗುಣದೋಷ ಕಾಗದದ ಮೇಲೆ ಕಾಣುವಂತಾಯಿತು. ಮರುವರ್ಷ ಚಿಕಾಗೋ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಆತನು ಇನ್ನೂ ದೊಡ್ಡದೊಂದು ಉಪಾಯವನ್ನು ಮುಂದಿಟ್ಟನು. ಪರ್ಯಾಯ ವಿದ್ಯುತ್ತು, ಎಂದರೆ ಹಿಂದಕ್ಕೂ ಮುಂದಕ್ಕೂ ತೂಗಾಡುವ ವಿದ್ಯುತ್ತು, ದೂರ ಸಾಗಿಸಲು ಅನುಕೂಲವಾದದ್ದು. ಆದರೆ ಅದರ ಲೆಕ್ಕ ಮಹಾ ತೊಡಕಿನದು. ಮೈನಸ್ ಒಂದರ ವರ್ಗಮೂಲವೆಂಬ, ಕೇಳಿದವರು ನಗುವಂಥ ಕಲ್ಪನೆಯ ಸಂಖ್ಯೆಯನ್ನು ಹಿಡಿದು ಆ ತೊಡಕನ್ನೆಲ್ಲ ಆತನು ಸಾಮಾನ್ಯ ಬೀಜಗಣಿತಕ್ಕೆ ಇಳಿಸಿಬಿಟ್ಟನು. ಇಂದಿಗೂ ಜಗತ್ತಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವುದು ಅದೇ ಮಾರ್ಗವನ್ನು.

ಅದೇ 1893ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ಐಕೆಮೆಯರನ ಉದ್ಯಮವನ್ನು ಕೊಂಡಿತು. ಸ್ಟೈನ್‌ಮೆಟ್ಸ್ ಆ ಕಂಪೆನಿಯ ನೌಕರನಾಗಿ, ಮುಂದಿನ ವರ್ಷ ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಊರಿಗೆ ಬಂದು ನೆಲಸಿದನು. ಲೆಕ್ಕದ ವಿಭಾಗ ಆತನದಾಯಿತು. ಬಾಳಿನ ಉಳಿದ ಸುಮಾರು ಮೂವತ್ತು ವರ್ಷಗಳು ಆ ಊರಿನಲ್ಲಿಯೇ ಕಳೆದುವು.

ಸ್ಕೆನೆಕ್ಟಡಿ ಎಂಬ ಹೆಸರು ನಮ್ಮ ನಾಡಿಗೆ ತೀರ ಪರಕೀಯವಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಕಾವೇರಿ ವಿದ್ಯುತ್ ಯೋಜನೆಗೆ ಶಿವನಸಮುದ್ರದಲ್ಲಿ ಕೂಡಿಸಿದ ವಿದ್ಯುದ್ಯಂತ್ರಗಳು ಜನರಲ್ ಎಲೆಕ್ಟ್ರಿಕ್ ಕಂಪೆನಿಯವು; ನೀರಿನ ಚಕ್ರಗಳು ಜ್ಯೂರಿಕ್ ನಗರದ ಎಷರ್ ವಿಸ್ ಕಂಪೆನಿಯವು. ಸ್ಟೈನ್‌ಮೆಟ್ಸ್ ಓದಿದ ಊರು ಒಂದು, ದುಡಿದ ಊರು ಒಂದು. ಎರಡೂ ಕಡೆಯ ಕಬ್ಬಿಣ ಕಾವೇರಿಯ ದಡದಲ್ಲಿ ಕೂಡಿತು. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರದ ಸಾಗಾಟ ಆಗ ಲೋಕದಲ್ಲಿಯೇ ಅಪರೂಪ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಇದಾದ ಮೇಲೆ, 1905ರಲ್ಲಿ. ಪರ್ಯಾಯ ವಿದ್ಯುತ್ತಿನ ಲೆಕ್ಕ ಸುಲಭವಾದ ಹತ್ತು ವರ್ಷಗಳ ಒಳಗೆ ಅದರ ಫಲ ಮೈಸೂರು ಸಂಸ್ಥಾನಕ್ಕೂ ಮುಟ್ಟಿತೆಂದರೆ ಹೆಮ್ಮೆಪಡತಕ್ಕ ಮಾತು.

ಸ್ಕೆನೆಕ್ಟಡಿಯಲ್ಲಿ ಸ್ಟೈನ್‌ಮೆಟ್ಸನಿಗೆ ಮಾನಸನ್ಮಾನಗಳು ಒಂದರ ಹಿಂದೊಂದು ಬಂದುವು. 1901ರಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಘದ ಅಧ್ಯಕ್ಷನಾದನು. 1902ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಗೌರವ ಪದವಿಯನ್ನು ಕೊಟ್ಟಿತು. ಬ್ರೆಸ್ಲಾವಿನಲ್ಲಿ ಕೈತಪ್ಪಿದ ಡಾಕ್ಟರ್ ಪದವಿಯನ್ನು ಮರುವರ್ಷ ಊರಿನ ಯೂನಿಯನ್ ಕಾಲೇಜು ಕೊಟ್ಟಿತು. ಅಲ್ಲಿ ಆತನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೊಫೆಸರಾಗಿ ಪಾಠ ಹೇಳಿದನು. ಗೂನು ಮಕ್ಕಳಿಗೂ ಬಂದೀತೆಂಬ ಅಂಜಿಕೆಯಿಂದ ಆತನು ಮದುವೆಯಾಗಲಿಲ್ಲ. ತನ್ನ ಪ್ರಯೋಗಶಾಲೆಯ ಸಹಾಯಕ ಹೇಡನ್ ಎಂಬ ತರುಣನನ್ನು ದತ್ತು ತೆಗೆದುಕೊಂಡು, ಆತನ ಹೆಂಡತಿ ಮತ್ತು ಮೂವರು ಮಕ್ಕಳೊಡನೆ ಒಂದೇ ಮನೆಯಲ್ಲಿ ಬಾಳಿದನು. ಆ ಮಕ್ಕಳಿಗೆ ಆತನು ನಿಜವಾದ ಅಜ್ಜನೇ ಆಗಿದ್ದನು. ಬೇಸಿಗೆಯಲ್ಲಿ ಮೋಹಾಕ್ ನದಿಯ ಬಳಿಯ ಬಿಡಾರಕ್ಕೆ ಹೋಗಿ, ಸಣ್ಣ ದೋಣಿಯಲ್ಲಿ ಅಡ್ಡಹಲಗೆ ಹಾಕಿಕೊಂಡು, ಬಾಯಲ್ಲಿ ಚುಟ್ಟ ಕಚ್ಚಿಕೊಂಡು ಗಂಟೆಗಟ್ಟಲೆ ಲೆಕ್ಕ ಮಾಡುತ್ತಿದ್ದನು.

ಇಷ್ಟಕ್ಕೇ ನಿಂತಿದ್ದರೆ ಆತನದು ಒಬ್ಬ ಪಂಡಿತನ ತಣ್ಣಗಿನ ಬಾಳಾಗುತ್ತಿತ್ತು. ಆದರೆ ಬ್ರೆಸ್ಲಾವಿನಲ್ಲಿ ಹೊತ್ತಿದ ಕಿಡಿ ಆರಿರಲಿಲ್ಲ. 1911ರ ಚುನಾವಣೆಯಲ್ಲಿ ಸ್ಕೆನೆಕ್ಟಡಿಯ ಜನ ಲನ್ ಎಂಬ ಸಮಾಜವಾದಿ ಪಾದ್ರಿಯನ್ನು ನಗರಾಧ್ಯಕ್ಷನನ್ನಾಗಿ ಆರಿಸಿದರು. ಆತನು ಸ್ಟೈನ್‌ಮೆಟ್ಸನನ್ನು ಊರಿನ ವಿದ್ಯಾಮಂಡಳಿಗೆ ಕರೆದನು. ಮಂಡಳಿ ಆತನನ್ನೇ ಅಧ್ಯಕ್ಷನನ್ನಾಗಿ ಮಾಡಿಕೊಂಡಿತು. ಕಾರ್ಖಾನೆ ಬೆಳೆದಂತೆ ಊರು ಬೆಳೆದು, ಮಕ್ಕಳಿಗೆ ಶಾಲೆಗಳಲ್ಲಿ ಕೂರಲು ಜಾಗವಿರಲಿಲ್ಲ. ಹೊಸ ಶಾಲೆಗಳಿಗಾಗಿಯೂ ಆಟದ ಬಯಲುಗಳಿಗಾಗಿಯೂ ಆತನು ದುಡಿದನು. ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಡಿಸಿದನು. ಮಕ್ಕಳ ಆರೋಗ್ಯದ ಕಡೆಗೆ ಗಮನ ಕೊಡಿಸಿ, ಕ್ಷಯದ ಸೋಂಕು ತಗಲಿದ ಮಕ್ಕಳಿಗೆ ಬೇರೆ ತರಗತಿಗಳ ಏರ್ಪಾಡಿಗೆ ಕಾರಣನಾದನು. 1915ರಲ್ಲಿ ಸಮಾಜವಾದಿ ಪಕ್ಷದ ಪರವಾಗಿ ನಿಂತು ನಗರಸಭೆಯ ಅಧ್ಯಕ್ಷ ಸ್ಥಾನಕ್ಕೂ ಆರಿಸಿ ಬಂದನು. ಲೋಕಪ್ರಸಿದ್ಧ ಗಣಿತಜ್ಞನೊಬ್ಬನು ಹುಡುಗರ ಬೆಂಚು, ಪುಸ್ತಕಗಳ ಲೆಕ್ಕ ಹಾಕುತ್ತ ಸಂಜೆಯ ಸಭೆಗಳಲ್ಲಿ ಕೂತಿದ್ದುದನ್ನು ನೆನೆದರೆ ಗೌರವ ಹುಟ್ಟುತ್ತದೆ. ದೊಡ್ಡ ಮಾತು ಆಡುವವರು ಬಹಳ. ಆ ಮಾತಿನ ಸಣ್ಣ ಕೆಲಸಕ್ಕೆ ಕೈಹಚ್ಚುವವರು ಕಡಮೆ.

1916ರಲ್ಲಿ ಆತನು ಅಮೆರಿಕದ ಹೊಸಯುಗವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಪೈಪೋಟಿಯ ಕಾಲ ತೀರಿತು, ಸಹಕಾರದ ಕಾಲ ಬರುತ್ತಿದೆ, ದೊಡ್ಡ ಕಂಪೆನಿಗಳ ವ್ಯವಸ್ಥೆಯೇ ಮುಂದೆ ಇಡೀ ಸಮಾಜದ ವ್ಯವಸ್ಥೆಗೆ ಮಾದರಿಯಾಗುವುದು ಎಂಬುದು ಅದರ ವಾದ. ಬಂಡವಾಳದ ಕೋಟೆಯಂತಿದ್ದ ಕಂಪೆನಿಯಲ್ಲಿ ಕೂತು ಸಮಾಜವಾದವನ್ನು ಬೋಧಿಸಿದ ಈ ನೌಕರನನ್ನು ಕಂಪೆನಿ ಕೆಲಸದಿಂದ ತೆಗೆಯಲಿಲ್ಲ. ಆತನೂ ನಂಬಿಕೆಯನ್ನು ಮರೆಮಾಡಲಿಲ್ಲ. ಎರಡೂ ಕಡೆಗೆ ಇದು ಭೂಷಣ.

ಈಗ ಶಕ್ತಿಯ ವಿಷಯಕ್ಕೆ ಬರೋಣ. ಅಮೆರಿಕದ ಕೈಗಾರಿಕೆಯೆಲ್ಲ ಆಗ ಕಲ್ಲಿದ್ದಲಿನ ಮೇಲೆ ನಿಂತಿತ್ತು. ಕಲ್ಲಿದ್ದಲು ಎಂದಾದರೊಂದು ದಿನ ಮುಗಿಯುವ ಗಂಟು. ಮುಗಿದರೇನಂತೆ, ನಮ್ಮ ನದಿಗಳಿವೆಯಲ್ಲ ಎಂಬ ಸಮಾಧಾನ ಜನರಲ್ಲಿತ್ತು. ಜಲವಿದ್ಯುತ್ತಿನ ಶಾಸ್ತ್ರವನ್ನು ಬೆಳೆಸಿದವರಲ್ಲಿ ಒಬ್ಬನಾದ ಸ್ಟೈನ್‌ಮೆಟ್ಸನೇ ಈ ಸಮಾಧಾನವನ್ನು ಲೆಕ್ಕದ ತಕ್ಕಡಿಯಲ್ಲಿ ತೂಗಿ ನೋಡಿದನು. 1918ರಲ್ಲಿ ಇಂಜಿನಿಯರುಗಳ ಸಂಘದ ಮುಂದೆ ಅಮೆರಿಕದ ಶಕ್ತಿಸಂಪತ್ತನ್ನು ಕುರಿತ ಪ್ರಬಂಧವನ್ನು ಮಂಡಿಸಿದನು. ದೇಶದ ಮೇಲೆ ಬೀಳುವ ಮಳೆಯೆಷ್ಟು, ಅದು ಯಾವ ಎತ್ತರದಿಂದ ಸಮುದ್ರಕ್ಕೆ ಇಳಿಯುತ್ತದೆ ಎಂದು ಗುಣಿಸಿದನು. ಬಂದ ಉತ್ತರ ಆತನ ಕಸಬಿನವರಿಗೆ ಹಿತವಾದದ್ದಲ್ಲ. ಒಂದು ಹನಿಯನ್ನೂ ಬಿಡದೆ ಎಲ್ಲ ನೀರನ್ನೂ ಯಂತ್ರಕ್ಕೆ ಹಾಯಿಸಿದರೂ ಸಿಗುವ ಶಕ್ತಿ ಆಗಿನ ಇಂಧನದ ಖರ್ಚಿಗೆ ಸರಿಸುಮಾರಾದೀತೇ ಹೊರತು, ಬೆಳೆಯುವ ನಾಳೆಗೆ ಏನೂ ಉಳಿಯದು. ಆದುದರಿಂದ ನೀರು ಕಲ್ಲಿದ್ದಲಿಗೆ ಆಸರೆಯಾಗಬಹುದು, ಅದರ ಸ್ಥಾನವನ್ನು ಪೂರ್ತಿಯಾಗಿ ತುಂಬಲಾರದು ಎಂದು ಆತನು ಸಾರಿದನು.

ಆದರೆ ಆತನು ನಿರಾಶೆಯನ್ನು ಹೇಳಿ ಕೈತೊಳೆದುಕೊಳ್ಳಲಿಲ್ಲ. ನದಿಗಳಲ್ಲಿ ದೊಡ್ಡ ಜಲಪಾತಗಳು ಕೆಲವು. ಸಣ್ಣ ತೊರೆ, ಹಳ್ಳ, ಅಬ್ಬಿಗಳು ಸಾವಿರಾರು. ಸಣ್ಣದರಿಂದ ವಿದ್ಯುತ್ತು ತೆಗೆಯಲು ಯಾರೂ ಕೈಹಾಕದಿರಲು ಕಾರಣ ಖರ್ಚು. ದೊಡ್ಡ ಕೇಂದ್ರದ ಯಂತ್ರ ಇತರ ಯಂತ್ರಗಳೊಡನೆ ತಾಳ ತಪ್ಪದೆ ತಿರುಗಬೇಕು; ಅದಕ್ಕೆ ಹಗಲಿರುಳೂ ಕಾವಲು, ವೇಗದ ಹತೋಟಿಯ ಸಲಕರಣೆ ಎಲ್ಲ ಬೇಕು. ಹಳ್ಳದ ಪಕ್ಕದ ಪುಟ್ಟ ಯಂತ್ರಕ್ಕೆ ಇಷ್ಟೆಲ್ಲ ಒದಗಿಸಿದರೆ ಬಂದ ವಿದ್ಯುತ್ತಿಗಿಂತ ಸಂಬಳವೇ ಹೆಚ್ಚಾಗುತ್ತದೆ. ಸ್ಟೈನ್‌ಮೆಟ್ಸ್ ತೋರಿಸಿದ ದಾರಿ ಸರಳವಾದದ್ದು. ಗಿರಣಿಯಲ್ಲಿ ಓಡುವ ಸಾಧಾರಣ ಇಂಡಕ್ಷನ್ ಮೋಟಾರನ್ನೇ ವಿದ್ಯುತ್ ತಂತಿಗೆ ಕಟ್ಟಿ, ನೀರಿನ ಬಲದಿಂದ ಅದರ ಸಹಜ ವೇಗಕ್ಕಿಂತ ತುಸು ಹೆಚ್ಚು ತಿರುಗಿಸಿದರೆ, ಅದು ವಿದ್ಯುತ್ತನ್ನು ಉಣ್ಣುವುದನ್ನು ಬಿಟ್ಟು ಉಣಿಸತೊಡಗುತ್ತದೆ. ತಾಳವನ್ನು ದೂರದ ದೊಡ್ಡ ಕೇಂದ್ರ ಹಿಡಿದಿರುತ್ತದೆ. ಪುಟ್ಟ ಯಂತ್ರ ಅದಕ್ಕೆ ಹೆಜ್ಜೆ ಹಾಕುತ್ತದೆ. ಹತ್ತಿರ ಕಾವಲುಗಾರ ಬೇಕಾಗಿಲ್ಲ. ಹೀಗೆ ಮನೆಮನೆಗೆ ವಿದ್ಯುತ್ತನ್ನು ಹಂಚುವಂತೆಯೇ ಹಳ್ಳಹಳ್ಳದಿಂದ ಅದನ್ನು ಕೂಡಿಸಿಕೊಳ್ಳಬಹುದೆಂದು ಆತನು ವಾದಿಸಿದನು. ಹನಿಗೂಡಿದರೆ ಹಳ್ಳ ಎಂಬುದು ನಮ್ಮ ಗಾದೆ. ಹಳ್ಳಗೂಡಿದರೆ ಬೆಳಕು ಎಂಬುದು ಆತನ ಲೆಕ್ಕ.

ನೂರು ವರ್ಷಗಳ ಮೇಲೆ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಗಾಳಿಯಂತ್ರಗಳಲ್ಲಿ ಬಹುಕಾಲದಿಂದ ವ್ಯಾಪಕವಾಗಿ ಬಳಕೆಯಾದದ್ದು ಈ ಇಂಡಕ್ಷನ್ ಜಾತಿಯ ಉತ್ಪಾದಕಗಳೇ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ರೆಕ್ಕೆಗಳನ್ನು ಕಂಡವರಿಗೆ, ಪಾವಗಡದ ಬರಡು ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವನ್ನು ಕಂಡವರಿಗೆ, ಚದುರಿದ ಶಕ್ತಿಯನ್ನು ಕೂಡಿಸುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದರ ಶ್ರೇಯಸ್ಸೆಲ್ಲ ಒಬ್ಬ ಸ್ಟೈನ್‌ಮೆಟ್ಸನಿಗೆ ಸಲ್ಲದು, ನಿಜ. ಆದರೆ ನೋಟ ಆತನದಿತ್ತು.

ವಿದ್ಯುತ್ ಕಾರುಗಳ ವಿಷಯದಲ್ಲಿಯೂ ಆತನು ಸಭೆಗಳಲ್ಲಿ ಮಾತನಾಡಿದನು. ತಾನೇ ಒಂದು 1914ರ ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಾರನ್ನು ಇಟ್ಟುಕೊಂಡಿದ್ದನು. ದುರಸ್ತಿಯಾದ ಆ ಕಾರು ಯೂನಿಯನ್ ಕಾಲೇಜಿನ ಆಸ್ತಿಯಾಗಿ ಉಳಿದು ಬಂದಿದೆ. ಕೆಲವೇ ವರ್ಷಗಳಲ್ಲಿ ಅಂಥ ಕಾರುಗಳು ಬೀದಿಗಳನ್ನು ತುಂಬುವುವೆಂದು ಆತನು ನಂಬಿದ್ದನು. ಆತನ ಹೆಸರಿನಲ್ಲಿ ವಿದ್ಯುತ್ ವಾಹನಗಳ ಕಂಪೆನಿಯೊಂದು ಹುಟ್ಟಿಯೂ ಹುಟ್ಟಿತು. ಆದರೆ ಪೆಟ್ರೋಲಿನ ಕಾರು ಅಗ್ಗವಾಯಿತು, ಅದರ ಓಟವೂ ದೂರವಾಯಿತು. ಆತನ ಭವಿಷ್ಯ ಸುಳ್ಳಾಯಿತು. ವಿದ್ಯುತ್ ಕಾರು ಮತ್ತೆ ಬೀದಿಗೆ ಬರಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕೀರ್ತಿ ಆತನನ್ನು ಶಿಖರಕ್ಕೆ ಒಯ್ದದ್ದು ಕೊನೆಯ ಮೂರು ವರ್ಷಗಳಲ್ಲಿ. 1920ರಲ್ಲಿ ನದೀತೀರದ ಬಿಡಾರಕ್ಕೆ ಸಿಡಿಲು ಬಡಿದು ಕನ್ನಡಿಯೊಂದು ಚೂರುಚೂರಾಯಿತು. ಆತನು ಆ ಚೂರುಗಳನ್ನು ಒಂದೊಂದಾಗಿ ಆಯ್ದು ಜೋಡಿಸಿ, ಸಿಡಿಲು ಹಾದ ಜಾಡನ್ನು ಓದಿದನು. ವಿದ್ಯುತ್ ತಂತಿಗಳನ್ನು ಸಿಡಿಲಿನಿಂದ ಕಾಪಾಡುವುದು ಹೇಗೆಂಬುದು ಆತನ ಚಿಂತೆ. 1922ರಲ್ಲಿ ಪ್ರಯೋಗಶಾಲೆಯೊಳಗೇ ಕೃತಕ ಸಿಡಿಲನ್ನು ಹುಟ್ಟಿಸಿ, ಮರದ ತುಂಡುಗಳನ್ನು ಸೀಳಿ ತೋರಿಸಿದನು. ಪತ್ರಿಕೆಗಳು ಆತನನ್ನು ವಜ್ರಾಯುಧ ಹಿಡಿದ ದೇವತೆಗೆ ಹೋಲಿಸಿದುವು. ಎಡಿಸನ್ ಆತನ ಪ್ರಯೋಗಶಾಲೆಯನ್ನು ನೋಡಲು ಬಂದನು. 1921ರಲ್ಲಿ ರೇಡಿಯೋ ಕೇಂದ್ರವೊಂದರಲ್ಲಿ ಐನ್‌ಸ್ಟೈನನೊಡನೆ ಹಲವರು ನಿಂತು ತೆಗೆಸಿಕೊಂಡ ಚಿತ್ರದಿಂದ ಉಳಿದವರನ್ನೆಲ್ಲ ಅಳಿಸಿ, ಇಬ್ಬರೇ ಮಹಾಪುರುಷರು ನಿಂತಂತೆ ಮಾಡಿ ಪ್ರಚಾರಪಡಿಸಲಾಯಿತು. ಕೀರ್ತಿಯೆಂಬುದು ಸಾಧನೆಯಿಂದ ಹುಟ್ಟುತ್ತದೆ. ಆದರೆ ಪ್ರಚಾರದ ಕತ್ತರಿ ಅದಕ್ಕೆ ಆಕಾರ ಕೊಡುತ್ತದೆ.

ಈ ಕೀರ್ತಿಯ ನಡುವೆಯೇ, 1922ರ ಫೆಬ್ರವರಿಯಲ್ಲಿ, ಸ್ಟೈನ್‌ಮೆಟ್ಸ್ ರಷ್ಯದ ನಾಯಕ ಲೆನಿನ್ನನಿಗೆ ಕಾಗದ ಬರೆದನು. ದೇಶವನ್ನೆಲ್ಲ ವಿದ್ಯುತ್ತಿನಿಂದ ಬೆಳಗಿಸುವ ದೊಡ್ಡ ಯೋಜನೆಯನ್ನು ರಷ್ಯ 1920ರಲ್ಲಿ ಹಾಕಿಕೊಂಡಿತ್ತು. ಅದಕ್ಕೆ ತನ್ನಿಂದಾದ ಸಲಹೆ ಕೊಡಲು ಸಿದ್ಧನೆಂದು ಆತನು ತಿಳಿಸಿದನು. ಏಪ್ರಿಲಿನಲ್ಲಿ ಲೆನಿನ್ ಕೃತಜ್ಞತೆಯಿಂದ ಉತ್ತರ ಬರೆದು, ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವಿಲ್ಲದಿರುವುದು ಇದಕ್ಕೆ ಅಡ್ಡಿಯೆಂದು ತಿಳಿಸಿದನು. ಸ್ಟೈನ್‌ಮೆಟ್ಸ್ ರಷ್ಯಕ್ಕೆ ಹೋಗಲೇ ಇಲ್ಲ. ಅದೇ ವರ್ಷ ಆತನು ನ್ಯೂಯಾರ್ಕ್ ಸಂಸ್ಥಾನದ ಮುಖ್ಯ ಇಂಜಿನಿಯರ್ ಹುದ್ದೆಗೆ ಚುನಾವಣೆಗೆ ನಿಂತನು. ಆ ಹುದ್ದೆಯನ್ನು ಅಲ್ಲಿ ಆಗ ಮತದಾರರೇ ತುಂಬುತ್ತಿದ್ದರು. ಸಮಾಜವಾದಿಗಳೂ ರೈತ ಕಾರ್ಮಿಕ ಪಕ್ಷದವರೂ ಆತನನ್ನು ನಿಲ್ಲಿಸಿದ್ದರು. ಆ ಕೆಲಸಕ್ಕೆ ಆತನಿಗಿಂತ ಹೆಚ್ಚು ಓದಿಕೊಂಡವನು ಸಂಸ್ಥಾನದಲ್ಲಿ ಸಿಗುವುದು ಕಷ್ಟ. ಆದರೂ ಜನ ಆತನನ್ನು ಆರಿಸಲಿಲ್ಲ. ಸಿಡಿಲನ್ನು ನೋಡಲು ಮುಗಿಬಿದ್ದವರು ಮತ ಹಾಕುವಾಗ ತಮ್ಮ ಬುದ್ಧಿಯನ್ನೇ ನಂಬಿದರು.

1923ರಲ್ಲಿ ಆತನು ಹೇಡನ್ ಕುಟುಂಬದವರೊಡನೆ ಅಮೆರಿಕದ ಪಶ್ಚಿಮ ತೀರದವರೆಗೆ ಪ್ರವಾಸ ಮಾಡಿ, ದಾರಿಯುದ್ದಕ್ಕೂ ಉಪನ್ಯಾಸ ಕೊಟ್ಟು, ಬಳಲಿ ಮನೆಗೆ ಬಂದನು. ಅಕ್ಟೋಬರ್ 26ರ ಬೆಳಗ್ಗೆ ಹೃದಯ ನಿಂತು ತೀರಿಕೊಂಡನು. ಆಗ ಆತನಿಗೆ ಐವತ್ತೆಂಟು ವರ್ಷ. ಎರಡು ನೂರರಷ್ಟು ಪೇಟೆಂಟುಗಳು ಆತನ ಹೆಸರಿನಲ್ಲಿದ್ದುವು. ಸ್ಕೆನೆಕ್ಟಡಿಯ ವೇಲ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ.

ಈ ಬಾಳನ್ನು ಓದಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಹುಡುಕಬಹುದು. ಪ್ರಸಿದ್ಧನಾದವನು ತನ್ನ ಕಸಬಿನ ಹೊರಗೆ ಮಾತನಾಡಬಾರದೆಂದರೆ ಸ್ಕೆನೆಕ್ಟಡಿಯ ಮಕ್ಕಳಿಗೆ ಉಚಿತ ಪುಸ್ತಕಗಳು ಅಷ್ಟು ಬೇಗ ಸಿಗುತ್ತಿರಲಿಲ್ಲ. ಪ್ರಸಿದ್ಧನಾದವನು ಹೇಳಿದ್ದೆಲ್ಲ ಸರಿಯೆಂದರೆ ವಿದ್ಯುತ್ ಕಾರಿನ ಭವಿಷ್ಯವನ್ನೂ, ಕಂಪೆನಿಗಳು ತಾವಾಗಿಯೇ ಸಮಾಜವಾದಕ್ಕೆ ಮಾಗುವುವೆಂಬ ಕನಸನ್ನೂ ನಂಬಬೇಕಾಗುತ್ತದೆ. ಆತನ ಮಾತುಗಳಲ್ಲಿ ಎರಡು ಬಗೆ. ಒಂದು ನಂಬಿಕೆಯ ಮಾತು. ಅದನ್ನು ಒಪ್ಪುವುದು ಬಿಡುವುದು ಕೇಳುವವನ ಇಷ್ಟ. ಇನ್ನೊಂದು ಲೆಕ್ಕದ ಮಾತು. ಮಳೆಯ ಪ್ರಮಾಣ, ನೀರಿನ ಇಳಿತ, ಕಲ್ಲಿದ್ದಲಿನ ಖರ್ಚು ಎಲ್ಲವನ್ನೂ ಆತನು ಬಿಚ್ಚಿಟ್ಟಿದ್ದನು. ಆತನ ಹೆಸರನ್ನೇ ಕೇಳದವನೂ ಅದನ್ನು ಗುಣಿಸಿ ನೋಡಿ ತಪ್ಪಿದ್ದರೆ ತೋರಿಸಬಹುದಿತ್ತು. ಅದೂ ಅಲ್ಲದೆ ಆ ಲೆಕ್ಕ ಆತನ ಪ್ರೀತಿಯ ಜಲವಿದ್ಯುತ್ತಿಗೇ ಎಲ್ಲೆ ಕಟ್ಟಿತು. ತನ್ನ ಆಸೆಗೆ ಅಡ್ಡ ಬಂದ ಅಂಕಿಯನ್ನು ಮುಚ್ಚಿಡದವನ ಮಾತನ್ನು ನಂಬಬಹುದು. ಕೀರ್ತಿಯು ಮಾತಿಗೆ ಸಭೆಯನ್ನು ಕೂಡಿಸಿಕೊಡುತ್ತದೆ, ಅಷ್ಟೆ. ಮಾತು ನಿಲ್ಲುವುದು ಲೆಕ್ಕದ ಮೇಲೆ.

ಇದು ದೊಡ್ಡವರ ವಿಷಯ, ನಮಗೇಕೆ ಎಂದು ಸಹಪಾಠಿಗಳು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನಮ್ಮಲ್ಲಿ ಅನೇಕರ ಸ್ಥಿತಿ ಹೀಗೆಯೇ ಇದೆ. ರಜೆಯಲ್ಲಿ ಊರಿಗೆ ಹೋದರೆ ಹಿರಿಯರು ಜಗಲಿಯ ಮೇಲೆ ಕೂರಿಸಿಕೊಂಡು, ಯಾರಿಗೆ ಮತ ಹಾಕಬೇಕು, ಬಾವಿಗೆ ಬಿಸಿಲಿನ ಪಂಪುಸೆಟ್ಟು ಹಾಕಿಸಿದರೆ ಗಿಟ್ಟುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಪಂಪಿನ ವಿಷಯ ಏನು ಗೊತ್ತು? ಆದರೂ ಓದಿದವನೆಂಬ ಒಂದೇ ಕಾರಣಕ್ಕೆ ಅವರು ಹೇಳಿದ್ದನ್ನು ನಂಬುತ್ತಾರೆ. ನಂಬಿ ಸಾಲ ಮಾಡಿ ಹಣ ಹಾಕಲೂಬಹುದು. ಊರಿನ ಮಟ್ಟಿಗೆ ಪದವೀಧರನೂ ಒಬ್ಬ ಪ್ರಸಿದ್ಧ ಪುರುಷನೇ. ಆ ನಂಬಿಕೆಯನ್ನು ಹೊತ್ತವನಿಗೆ ಸುಮ್ಮನಿರುವುದೂ ಸಲ್ಲದು, ಬಾಯಿಗೆ ಬಂದದ್ದು ಹೇಳುವುದೂ ಸಲ್ಲದು. ಬಾವಿಯ ಆಳವೆಷ್ಟು, ನೀರೆಷ್ಟು, ಸಾಲದ ಬಡ್ಡಿಯೆಷ್ಟು, ಎಷ್ಟು ವರ್ಷಕ್ಕೆ ಹಣ ತೀರುವುದು ಎಂದು ಅವರ ಮುಂದೆಯೇ ಕಾಗದದ ಮೇಲೆ ಬರೆದು, ಕೂಡಿ ಕಳೆದು, ಅವರೂ ಪರೀಕ್ಷಿಸುವಂತೆ ಇಡುವುದು ನಮ್ಮಿಂದಾಗುವ ಕೆಲಸ. ಮತದ ವಿಷಯವಾದರೆ, ಇದು ನನ್ನ ನಂಬಿಕೆಯಷ್ಟೇ, ಆರಿಸುವ ಹಕ್ಕು ನಿಮ್ಮದು ಎಂದು ಒಪ್ಪಿಕೊಳ್ಳುವುದು ಮರ್ಯಾದೆ.

ಬಂದರಿನಿಂದ ಹಿಂದಕ್ಕೆ ಹೋಗಬೇಕಾಗಿದ್ದ ಆ ಗಿಡ್ಡ ಮನುಷ್ಯ ತನ್ನ ನಂಬಿಕೆಯನ್ನು ಬಚ್ಚಿಡಲಿಲ್ಲ, ತನ್ನ ಲೆಕ್ಕವನ್ನೂ ಬಚ್ಚಿಡಲಿಲ್ಲ. ಒಂದನ್ನು ಇನ್ನೊಂದೆಂದು ಮಾರಲೂ ಇಲ್ಲ. ಪದವಿ ಪಡೆದು ಊರಿಗೆ ಮರಳುವ ನಾವು ಇಷ್ಟನ್ನು ಕಲಿತು ಹೋದರೆ ಆತನ ಬಾಳನ್ನು ಓದಿದ್ದು ಸಾರ್ಥಕ.